ಜೀಪ್ನಿಯ ಬಾಗಿಲ ಪಕ್ಕ ಒಂದು ಹೆಸರು

ಕೆಲಸ ಮಾಡಿಸಿಕೊಳ್ಳುವಾಗ ಅಣ್ಣ, ದುಡ್ಡು ಕೇಳಿದಾಗ ಯಾರಣ್ಣ? ನಮ್ಮ ಬೀದಿಯ ಕ್ರಿಸ್ಪಿನ್‌ಗೆ ಆದದ್ದೂ ಇದೇ.

ಅವನು ಜೀಪ್ನಿಗಳಿಗೆ, ಅಂದರೆ ಊರೊಳಗೆ ಜನರನ್ನು ಸಾಗಿಸುವ ಉದ್ದನೆಯ ಜೀಪುಗಳಿಗೆ, ಬಣ್ಣ ಬಳಿಯುವವನು. ಗಾಡಿಯ ಮೈಮೇಲೆ ಮಾಲೀಕನ ಮಕ್ಕಳ ಹೆಸರು ಇರದಿದ್ದರೆ ಇಲ್ಲಿ ಅದು ಗಾಡಿಯೇ ಅಲ್ಲ. ರೊಡೆಲ್ ಎಂಬವನ ಗಾಡಿಗೆ ಬಣ್ಣ ಬಳಿಯುವ ಕೆಲಸವನ್ನು ಬಾಯಿಮಾತಿನಲ್ಲೇ ಹನ್ನೆರಡು ಸಾವಿರ ಪೆಸೊಗೆ ಗುತ್ತಿಗೆ ಹಿಡಿದ. ಮುಂಗಡ ನಾಲ್ಕು ಬಂತು, ಕೆಲಸ ಮುಗಿದರೂ ಉಳಿದ ಎಂಟು ಬರಲಿಲ್ಲ. ಮನೆಖರ್ಚಿಗೆಂದು ಕ್ರಿಸ್ಪಿನ್ ಬಣ್ಣ ಸಿಂಪಡಿಸುವ ಯಂತ್ರವನ್ನು ಅಡವಿಟ್ಟ. ತಿಂಗಳ ಕೊನೆಗೆ ಬಿಡಿಸದಿದ್ದರೆ ಅದೂ ಹೋಯಿತು, ಕಸುಬೂ ಹೋಯಿತು.

ಒಂದು ಬೆಳಗ್ಗೆ ಬಣ್ಣ ಕೆರೆಯುವ ಪಟ್ಟಿ ಹಿಡಿದು ಹೊರಟವನನ್ನು ಗಂಜಿ ಅಂಗಡಿಯ ಪುರಾ ಅಕ್ಕ ತಡೆದಳು. ಹಿಂದೆ ವಾರ್ಡಿನ ರಾಜಿ ಪಂಚಾಯಿತಿಯಲ್ಲಿ ಕೂತಿದ್ದವಳು ಅವಳು.

"ಎಲ್ಲಿಗೋ ತಮ್ಮಾ?"

"ಅವನ ಗಾಡಿ ಬಣ್ಣ ಕೆರೆದು ಬರ್ತೀನಿ ಅಕ್ಕ."

"ಭಲೇ, ನಿನ್ನ ಸಾಕ್ಷೀನ ನೀನೇ ಕೆರೆದು ಹಾಕು. ಕೂತ್ಕೋ, ಗಂಜಿ ಕುಡಿ."

"ಯಾವ ಸಾಕ್ಷಿ? ಕಾಗದ ಇಲ್ಲ, ಸಹಿ ಇಲ್ಲ. ಬಳಿದೋನು ಬೇರೆಯವನು ಅಂತಾನೆ."

ಪುರಾ ಅಕ್ಕನಿಗೆ ಕುತೂಹಲ ಹುಟ್ಟಿದರೆ ಮುಗಿಯಿತು. "ಎಷ್ಟು ದಿನ ಮಾಡ್ದೆ? ಯಾರು ನೋಡಿದ್ರು? ಫೋನಲ್ಲಿ ಏನು ಕಳಿಸಿದ್ದ?"

"ಹದಿನೇಳು ದಿನ. ಟೈರ್ ಅಂಗಡಿಯವನು ದಿನಾ ನೋಡಿದಾನೆ. ಫೋನಲ್ಲಿ ಏನಿರುತ್ತೆ, ಅವನಿಗೆ ಮಗು ಹುಟ್ಟಿದ ಸುದ್ದಿ ಇದೆ."

"ತೋರಿಸು ನೋಡೋಣ."

'ಹೆಣ್ಣುಮಗು. ಹೆಸರು ಆಮಿಹಾನ್. ಬಾಗಿಲ ಪಕ್ಕ ಅದನ್ನೂ ಬರಿ. ಉಳಿದ ಎಂಟು ಸಾವಿರ ಕೆಲಸ ಮುಗಿದ ದಿನ ಕೊಡ್ತೀನಿ.'

ಅಕ್ಕ ಎರಡು ಸಲ ಓದಿದಳು. "ಕೆಲಸ, ಬೆಲೆ, ಮಾತು ಕೊಟ್ಟೋನು, ಮೂರೂ ಇಲ್ಲೇ ಇದೆಯಲ್ಲೋ."

"ಫೋನ್ ತುಂಬೋಗಿದೆ, ಎಲ್ಲಾ ಅಳಿಸ್ಬಿಡು ಅಂತ ನಾನೇ ಹೇಳಿದ್ದೆ" ಎಂದು, ಅಷ್ಟರಲ್ಲಿ ಹಿಂದೆಯೇ ಬಂದಿದ್ದ ಕ್ರಿಸ್ಪಿನ್‌ನ ಹೆಂಡತಿ ನೇನಾ ಹಣೆ ಚಚ್ಚಿಕೊಂಡಳು. "ಆದ್ರೂ ಅಕ್ಕ, ವಕೀಲರಿಗೆ ಸುರಿಯೋಕೆ ದುಡ್ಡೆಲ್ಲಿದೆ?"

"ಪಂಚಾಯಿತೀಲಿ ವಕೀಲರಿಗೆ ಕುರ್ಚಿನೇ ಇಲ್ಲಮ್ಮ. ಇಲ್ಲಿ ಬಗೆಹರೀದಿದ್ರೆ ಸಣ್ಣ ಮೊತ್ತದ ದಾವೆ ನೋಡೋ ಕೋರ್ಟಿದೆ. ಅಲ್ಲೂ ನೀವೇ ಮಾತಾಡ್ಬೇಕು."

ಮೊದಲು ವಾರದ ಗಡುವು ಕೊಟ್ಟು ಪತ್ರ ಬರೆದರು. ಉತ್ತರವಿಲ್ಲ. ಆಮೇಲೆ ಗಾಡಿಯ ಫೋಟೊ, ಫೋನು, ಟೈರ್ ಅಂಗಡಿಯವನು, ಇಷ್ಟನ್ನೂ ಕಟ್ಟಿಕೊಂಡು ವಾರ್ಡ್ ಕಚೇರಿಗೆ ದೂರು ಕೊಟ್ಟರು.

ರಾಜಿ ಪಂಚಾಯಿತಿಗೆ ಕರೆದ ದಿನ ರೊಡೆಲ್ ಮಗುವನ್ನು ಎತ್ತಿಕೊಂಡೇ ಬಂದ.

"ಮಗು ಹೆಸರೇನಪ್ಪಾ?" ಪಂಚಾಯಿತಿಯ ಹಿರಿಯರು ಕೇಳಿದರು.

"ಆಮಿಹಾನ್."

ಅವರು ಫೋನನ್ನು ಅವನತ್ತ ತಿರುಗಿಸಿದರು. "ಈ ಹೆಸರನ್ನ ಬಾಗಿಲ ಪಕ್ಕ ಬರಿ ಅಂತ ಯಾರಿಗೆ ಹೇಳಿದ್ದೆ?"

ರೊಡೆಲ್ ಮಗುವಿನ ಮುಖ ನೋಡಿದ. "ಇವತ್ತು ಐದು ಕೊಡ್ತೀನಿ, ಮುಂದಿನ ವಾರ ಮೂರು." ಅದನ್ನು ಬರೆಸಿ ಇಬ್ಬರೂ ಸಹಿ ಹಾಕಿದರು. ಆ ಐದರಲ್ಲಿ ಅಡವು ಬಿಡಿಸಿ, ಅಂದೇ ಯಂತ್ರ ಮನೆಗೆ ಬಂತು. ನನಗಂತೂ ಹೊಟ್ಟೆ ತಣ್ಣಗಾಯಿತು.

ಬಾಯಿಮಾತಿನ ಗುತ್ತಿಗೆ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಕಾಗದವಿಲ್ಲವೆಂದು ಬೆವರಿನ ದುಡ್ಡು ಬಿಡಬೇಡಿ. ಮೆಸೇಜು ಅಳಿಸಬೇಡಿ, ಕೆಲಸದ ಫೋಟೊ ಇಟ್ಟುಕೊಳ್ಳಿ, ನೋಡಿದವರ ಹೆಸರು ನೆನಪಿಡಿ. ಸಿಟ್ಟಿನಲ್ಲಿ ನಿಮ್ಮ ಕೆಲಸವನ್ನು ನೀವೇ ಕೆಡಿಸಬೇಡಿ. ಕ್ರಿಸ್ಪಿನ್ ಈಗ ಕುಂಚ ಮುಟ್ಟುವ ಮೊದಲು ಎಲ್ಲರಿಗೂ ಹೇಳುವುದು ಒಂದೇ ಮಾತು: "ಮಕ್ಕಳ ಹೆಸರೂ ನನ್ನ ಕೂಲಿಯೂ ಒಟ್ಟಿಗೇ ಮೆಸೇಜ್ ಮಾಡಿ."