ತಟ್ಟೆ ಒಯ್ಯುವ ಹುಡುಗಿ

ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಆ ತಾಯಿಯದು. ಮಧ್ಯಾಹ್ನ ಒಂದೂವರೆಗೆ ಅವಳ ಮುಂದಿನ ಕಿಟಕಿಗೆ ಎಂಜಲು ತಟ್ಟೆಗಳು ಬರತೊಡಗುತ್ತವೆ. ಉಳಿದದ್ದನ್ನು ಡಬ್ಬಕ್ಕೆ ತಳ್ಳಿ ತಟ್ಟೆಯನ್ನು ಬಿಸಿನೀರಿಗೆ ಬಿಡಬೇಕು. ಅರ್ಧ ಮೊಟ್ಟೆ, ಮುಟ್ಟದ ಅನ್ನ, ಕಚ್ಚಿ ಬಿಟ್ಟ ಹಣ್ಣು, ಎಲ್ಲವೂ ಡಬ್ಬದ ಪಾಲು.

ಅವಳ ಮಗಳೂ ಅದೇ ಶಾಲೆಯಲ್ಲಿ ಐದನೇ ತರಗತಿ. ಆದರೆ ಆ ಊಟ ಅವಳಿಗಿರಲಿಲ್ಲ. ಅಲ್ಲಿ ತಿಂಗಳ ಹಣ ಕಟ್ಟಿದವರಿಗೆ ಊಟ. ಕಟ್ಟಲಾಗದವರು ಅರ್ಜಿ ಕೊಟ್ಟರೆ ಸರ್ಕಾರದ ಖರ್ಚಿನಲ್ಲಿ ಉಚಿತ. ಇವರು ಹಣವನ್ನೂ ಕಟ್ಟಿರಲಿಲ್ಲ, ಅರ್ಜಿಯನ್ನೂ ಕೊಟ್ಟಿರಲಿಲ್ಲ.

ಅರ್ಜಿ ಮನೆಗೆ ಬಂದಿರಲಿಲ್ಲವೆಂದಲ್ಲ. ಹಿಂದಿನ ವರ್ಷ ಶಾಲೆ ಶುರುವಾದಾಗಲೇ ಮಗಳು ತಂದಿದ್ದಳು. ಅಪ್ಪ ಗೋಡೆಗೆ ಬಣ್ಣ ಹೊಡೆಯುವವನು. ರಟ್ಟೆಯಲ್ಲಿ ಕಸುವಿರುವ ತನಕ ಧರ್ಮದ ಅನ್ನ ನಮ್ಮ ಮನೆಗೆ ಬೇಡ ಎಂದು ಹೇಳಿ, ಅದೇ ಹಾಳೆಗೆ ಬ್ರಷ್ ಒರೆಸಿದ. ತಾಯಿಯೂ ಒತ್ತಾಯ ಮಾಡಲಿಲ್ಲ. ಅವಳ ಹೆದರಿಕೆ ಬೇರೆ. ಸಂಬಳ ಕೊಡುವ ಶಾಲೆಯಲ್ಲೇ ಊಟಕ್ಕೂ ಕೇಳಿದರೆ ಕೆಲಸಕ್ಕೆ ಸಂಚಕಾರ ಬಂದೀತು ಎಂದುಕೊಂಡಿದ್ದಳು.

ಅಪ್ಪನಿಗೆ ಕೆಲಸವಿದ್ದ ವಾರ ಮಗಳ ಡಬ್ಬಿಯಲ್ಲಿ ಬುತ್ತಿ ಇರುತ್ತಿತ್ತು. ಇಲ್ಲದ ವಾರ ಖಾಲಿ ಡಬ್ಬಿಯೇ ಚೀಲದಲ್ಲಿ ಹೋಗಿ ಬರುತ್ತಿತ್ತು. ಕೇಳಿದರೆ, ಗೆಳತಿಯರು ಹಂಚಿಕೊಡುತ್ತಾರೆ ಎನ್ನುತ್ತಿದ್ದಳು. ನಂಬಿದರೆ ಅಮ್ಮನ ಮನಸ್ಸಿಗೂ ಹಗುರ. ನಂಬಿದಳು.

ಒಂದು ದಿನ ಎಂಜಲಿನ ಡಬ್ಬ ಬೇಗ ತುಂಬಿತು. ಅದನ್ನು ಸುರಿಯಲು ತಾಯಿ ಹಿಂಬಾಗಿಲಿನಿಂದ ಹೊರಗೆ ಬಂದಳು. ಊಟದ ಕೋಣೆಗೂ ಕಿಟಕಿಗೂ ನಡುವಿನ ಓಣಿಯಲ್ಲಿ ಮಗಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿ ಗೆಳತಿಯರ ನಾಲ್ಕು ತಟ್ಟೆ. ಮೇಲಿನ ತಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯ ಚೂರನ್ನು ಬಾಯಿಗೆ ತುರುಕಿಕೊಂಡು, ಅಗಿಯದೆ ನುಂಗುತ್ತಿದ್ದಳು.

ತಿರುಗಿ ನೋಡಿದಾಗ ಅಮ್ಮ.

"ಅಪ್ಪಂಗೆ ಹೇಳ್ಬೇಡಮ್ಮ," ಎಂದಳು. "ತಟ್ಟೆ ನಾನೇ ಒಯ್ದು ಕೊಡ್ತೀನಿ ಅಂತ ಇಸ್ಕೋತೀನಿ. ಯಾರಿಗೂ ಗೊತ್ತಿಲ್ಲ."

ಎಷ್ಟು ದಿನದಿಂದ ಎಂದು ಕೇಳಿದರೆ, ಹೋದ ವರ್ಷ ಶಾಲೆ ಶುರುವಾದಾಗಿನಿಂದ ಎಂದಳು.

ತಾಯಿ ಒಳಗೆ ಹೋಗಿ ಉಳಿದ ತಟ್ಟೆಗಳನ್ನೆಲ್ಲ ತೊಳೆದಳು. ಆಮೇಲೆ ಒದ್ದೆ ಕೈಯಲ್ಲೇ ಶಾಲೆಯ ಗುಮಾಸ್ತೆಯ ಮುಂದೆ ನಿಂತಳು. ಗುಮಾಸ್ತೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅರ್ಜಿ ಕೊಟ್ಟರೆ ಯಾರ ಕೆಲಸವೂ ಹೋಗುವುದಿಲ್ಲ ಎಂದಳು ಅಕ್ಕ. ಯಾರ ಊಟ ಉಚಿತ ಎಂದು ತರಗತಿಯಲ್ಲಿ ಓದುವುದೂ ಇಲ್ಲ, ಎಲ್ಲರಿಗೂ ಒಂದೇ ಸಾಲು, ಒಂದೇ ಊಟ. ದಿನಗೂಲಿಯವರಿಗೆ ಸಂಬಳದ ಚೀಟಿ ಇಲ್ಲದಿದ್ದರೆ ತಮ್ಮ ಗಳಿಕೆಯನ್ನು ತಾವೇ ಬರೆದು ಸಹಿ ಹಾಕಬಹುದು. ಅಂದು ಸಂಜೆ ಅಕ್ಕ ಅರ್ಜಿ ಹಿಡಿದು ತಾಯಿಯ ಜೊತೆಗೇ ಮನೆಗೆ ಬಂದಳು.

ಅಪ್ಪ ಹಳೆಯ ಮಾತನ್ನೇ ಆಡಿದ. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಬಿಟ್ಟಿ ಊಟ ಕೇಳಿದರೆ ನಾಲ್ಕು ಜನ ಏನಂದಾರು?

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂದ ಹಾಗಾಯ್ತಣ್ಣ," ಎಂದಳು ಅಕ್ಕ. "ನೀವು ಸೋಪು ಕೊಂಡ್ರೂ ತೆರಿಗೆ ಕಟ್ತೀರಿ. ಆ ದುಡ್ಡಲ್ಲೇ ಈ ಅನ್ನ ಬೇಯೋದು. ಬಿಟ್ಟಿ ಹೇಗಾಗುತ್ತೆ?"

ಅಪ್ಪ ಬೇಡವೆಂದು ತಲೆ ಅಲ್ಲಾಡಿಸಿದ. ಆಗ ತಾಯಿ ಬಾಯಿಬಿಟ್ಟಳು.

"ಧರ್ಮದ ಅನ್ನ ಬೇಡ ಅಂದ್ರಿ. ನಿಮ್ಮ ಮಗಳು ಒಂದೂವರೆ ವರ್ಷದಿಂದ ಕಂಡೋರ ಮಕ್ಕಳ ಎಂಜಲು ತಿಂತಿದಾಳೆ. ಅದಾಗುತ್ತಾ?"

ಬಾಗಿಲ ಹಿಂದಿನಿಂದ ಮಗಳ ದನಿ ಬಂತು.

"ಹೇಳ್ಬೇಡ ಅಂದಿದ್ದೆ ಅಲ್ವಾ ಅಮ್ಮ."

ಅಪ್ಪ ಸಹಿ ಹಾಕಿದ. ಬರೆದು ಮುಗಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಎರಡು ವಾರದಲ್ಲಿ ಮಂಜೂರಾಯಿತು. ಈಗ ಹುಡುಗಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಊಟ ಹಾಕಿಸಿಕೊಳ್ಳುತ್ತಾಳೆ. ಆದರೆ ತಿನ್ನುವಾಗ ಎಡಗೈಯನ್ನು ತಟ್ಟೆಯ ಸುತ್ತ ಅಡ್ಡ ಇಟ್ಟುಕೊಳ್ಳುತ್ತಾಳೆ. ಅಮ್ಮನ ಜೊತೆ ಬಹಳ ದಿನ ಮಾತಾಡಲಿಲ್ಲ. ಹೋದ ದಿನಗಳ ಊಟಕ್ಕೆ ಏನಾದರೂ ಸಿಗುತ್ತದೆಯೇ ಎಂದು ಅಪ್ಪ ಒಮ್ಮೆ ಅಕ್ಕನನ್ನು ಕೇಳಿದ. ಅದಕ್ಕೆ ಅರ್ಜಿ ಇಲ್ಲಣ್ಣ ಎಂದಳು ಅವಳು.

ಅಣ್ಣಂದಿರೇ, ಅಕ್ಕಂದಿರೇ, ಇಂಥ ಹಾಳೆ ನಿಮ್ಮ ಮನೆಗೆ ಬಂದಿದ್ದರೆ ಇವತ್ತೇ ತುಂಬಿ. ಬಂದಿಲ್ಲವಾದರೆ ಶಾಲೆಗೆ ಹೋಗಿ ಕೇಳಿ. ಬರೆಯಲು ಬಾರದಿದ್ದರೆ ಬರೆದುಕೊಡಿ ಎನ್ನಿ. ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿ. ನಮಗೆಲ್ಲಿ ಸಿಗುತ್ತದೆ ಎಂದು ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ಮಗು ಹಸಿವಿಲ್ಲ ಎಂದರೆ ಇನ್ನೊಮ್ಮೆ ಕೇಳಿ. ನಿಮ್ಮ ಮಾನ ಕಾಯುವ ಕೆಲಸವನ್ನು ಮಗುವಿನ ಹೊಟ್ಟೆಗೆ ವಹಿಸಬೇಡಿ.