ಬರ್ತೀವಿ ಅಂದವರು

ನಾನೊಂದು ಕರಿ ಕಂಬಳಿ. ಹುಟ್ಟಿದ್ದು ಚಳ್ಳಕೆರೆ ಸೀಮೆಯಲ್ಲಿ. ಹುಣಸೆ ಬೀಜದ ಗಂಜಿ ಕುಡಿದು ಒಣಗಿದ ಮೈ ನನ್ನದು. ಮೈಯೂ ಮೆತ್ತಗಿಲ್ಲ, ಮಾತೂ ಮೆತ್ತಗಿಲ್ಲ. ನಯವಾದ ಕಥೆ ಬೇಕಾದವರು ರೇಷ್ಮೆ ಶಾಲನ್ನು ಕೇಳಿಕೊಳ್ಳಲಿ.

ನನಗೆ ನೂಲು ತೆಗೆದ ಮಾರಕ್ಕ, ಸೈನ್ಯಕ್ಕೆ ಹೊರಟ ತಮ್ಮ ಓಬಣ್ಣನ ಹೆಗಲಿಗೆ ನನ್ನನ್ನು ಹಾಕಿದಳು. ನಿವೃತ್ತನಾದ ಮೇಲೂ ಅವನು ಊರಿಗೆ ಮರಳಲಿಲ್ಲ. ಗಢವಾಲದ ದೇವೇಶ್ವರಿಯನ್ನು ಮದುವೆಯಾಗಿ, ಮರಗಳೂ ಬೆಳೆಯದ ಹಿಮಾಲಯದ ಎತ್ತರದಲ್ಲಿ ಚಾರಣಿಗರಿಗೆಂದು ಎಂಟು ಹಾಸಿಗೆಯ ಕಲ್ಲುಮನೆ ನಡೆಸತೊಡಗಿದ. ಅವಳಿಗೆ ಒಂದೊಂದೇ ಪದ ಹೇಳಿ ಕನ್ನಡ ಕಲಿಸಿದ. ಅವನ ನಿಯಮ ಒಂದೇ: ಬರುತ್ತೇವೆ ಎಂದವರು ಕತ್ತಲಾಗುವುದರೊಳಗೆ ಬರದಿದ್ದರೆ ಹುಡುಕಿಕೊಂಡು ಇಳಿಯಬೇಕು. ಅಲ್ಲಿ ಹುಡುಕಲು ಬೇರೆ ಯಾರಿದ್ದಾರೆ?

ಆ ವರ್ಷ ದಾವಣಗೆರೆಯ ಬಟ್ಟೆ ಅಂಗಡಿಯ ಪಾಲಾಕ್ಷಪ್ಪ, ಐವರು ಗೆಳೆಯರೊಂದಿಗೆ ಅಲ್ಲಿ ಒಂದು ರಾತ್ರಿ ತಂಗಲು ಯೋಜನೆ ಹಾಕಿದ. ಅಬ್ಬಬ್ಬಾ, ಅದೇನು ಯೋಜನೆ! ತಿಂಗಳಿಡೀ ಫೋನು. ಬಿಸಿನೀರು ಸಿಗುತ್ತದೆಯೇ, ಕಮೋಡ್ ಇದೆಯೇ, ಮೊಸರು ಹುಳಿಯೇ, ಈರುಳ್ಳಿ ಮುಟ್ಟದ ಪಾತ್ರೆ ಒಂದಿದೆಯೇ. ಗೊರಕೆ ಹೊಡೆಯುವ ರುದ್ರೇಶಿಗೆ ಮೂಲೆಯ ಹಾಸಿಗೆಯೇ ಬೇಕಂತೆ. ಓಬಣ್ಣನೋ, ತನ್ನ ಭಾಷೆಯವರು ಬರುತ್ತಾರೆಂದು ಹಿಗ್ಗಿ ಹೀರೇಕಾಯಿಯಾದ. ಮುದ್ದೆ ಮಾಡಿ ಬಡಿಸಲು ಕೆಳಗಿನ ಊರಿನಿಂದ ರಾಗಿ ಹಿಟ್ಟು ಹೊತ್ತು ತಂದ.

ಅವರು ಬರಬೇಕಾದ ಮುನ್ನಾದಿನ ಫೋನು ಬಂತು. ಸಿಗ್ನಲ್ ಸಿಗುವುದು ನೀರಿನ ಬಳಿಯ ಬಂಡೆಯ ಮೇಲೆ ಮಾತ್ರ. ನಾನು ಅಲ್ಲೇ ಬಿಸಿಲಿಗೆ ಬಿದ್ದಿದ್ದೆ. ಫೋನು ಎತ್ತಿದವಳು ದೇವೇಶ್ವರಿ.

"ಸ್ವಲ್ಪ ಕಷ್ಟ ಐತಿ ನೋಡ್ರಿ, ಅಮ್ಮಾ. ನಮ್ಮ ರುದ್ರೇಶಿಗೆ ಮಂಡಿ ನೋವು. ಯಜಮಾನ್ರಿಗೆ ಹೇಳಿಬಿಡ್ರಿ. ಆತು, ಬರ್ತೀವಿ," ಎಂದು ಪಾಲಾಕ್ಷಪ್ಪ ಫೋನಿಟ್ಟ.

ಬರಲ್ಲ ಎಂಬ ಮೂರಕ್ಷರ ಅವನ ಬಾಯಿಂದ ಹೊರಡಲಿಲ್ಲ. ದಾಕ್ಷಿಣ್ಯವಂತೆ, ಮಣ್ಣಾಂಗಟ್ಟಿ! ನಮ್ಮವರು ಮಾತು ಮುಗಿಸಿ ಹೊರಡುವಾಗ 'ಹೋಗ್ತೀವಿ' ಅನ್ನದೆ 'ಬರ್ತೀವಿ' ಅನ್ನುತ್ತಾರೆಂದು ಗಢವಾಲದ ಹೆಣ್ಣುಮಗಳಿಗೆ ಏನು ಗೊತ್ತು? ಕಷ್ಟವಂತೆ, ಮಂಡಿ ನೋವಂತೆ, ಆದರೂ ಬರುತ್ತಾರಂತೆ ಎಂದು ಗಂಡನಿಗೆ ಹೇಳಿದಳು.

ಮರುದಿನ ಸಂಜೆ ಮಂಜು ಕವಿಯಿತು. ಯಾರೂ ಬರಲಿಲ್ಲ. ಮಂಡಿ ನೋವಿನವನು ದಾರಿಯಲ್ಲೇ ಕುಸಿದಿರಬೇಕೆಂದು ಓಬಣ್ಣ ನನ್ನನ್ನು ಹೊದ್ದು, ರುದ್ರೇಶೀ ಎಂದು ಕೂಗುತ್ತಾ ಇಳಿದ. ಹಿಮಗಟ್ಟಿದ ಬಂಡೆಯ ಮೇಲೆ ಜಾರಿ ಕೊರಕಲಿಗೆ ಬಿದ್ದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ದೇವೇಶ್ವರಿ ಕೆಳಗಿನ ಊರಿನವರನ್ನು ಕರೆತರುವವರೆಗೆ ಅವನನ್ನು ಸುತ್ತಿಕೊಂಡು ಜೀವ ಉಳಿಸಿದೆ. ಬಲಗಾಲು ಉಳಿಸಲಾಗಲಿಲ್ಲ. ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು.

ಮುಂದಿನ ವರ್ಷ ಪಾಲಾಕ್ಷಪ್ಪ ನಗುನಗುತ್ತಾ ಹತ್ತಿ ಬಂದ. ಊರುಗೋಲು ಕಂಡು ಏನಾಯಿತೆಂದು ಕೇಳಿದ. ಓಬಣ್ಣ ನೆಲ ನೋಡುತ್ತಾ, ಹೀಗೇ ಜಾರಿಬಿಟ್ಟೆ ಎಂದ. ಇವನಿಗೂ ದಾಕ್ಷಿಣ್ಯ! ನನ್ನ ಎಳೆ ಎಳೆಯೂ ಉರಿದುಹೋಯಿತು.

ಚಹಾ ತಂದ ದೇವೇಶ್ವರಿ ಲೋಟವನ್ನು ಕುಕ್ಕಿದಳು. "ನಿಮ್ಮನ್ನ ಹುಡುಕೋಕೆ ಹೋಗಿ ಬಿದ್ದರು."

ಪಾಲಾಕ್ಷಪ್ಪ ಲೋಟಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಕಷ್ಟ ಐತಿ ಅಂದಿದ್ದೆನಲ್ಲ ಎಂದು ತೊದಲಿದ.

"ಬರಲ್ಲ ಅನ್ನಬೇಕಿತ್ತು," ಎಂದಳು ಅವಳು. "ಆ ಮಾತು ನಿಮ್ಮ ಭಾಷೆಯಲ್ಲಿ ಇಲ್ವಾ? ಇವರೂ ನನಗೆ ಕಲಿಸಿಲ್ಲ."

ಪಾಲಾಕ್ಷಪ್ಪ ಓಬಣ್ಣನ ಕೈ ಹಿಡಿದು ಗಳಗಳನೆ ಅತ್ತ. ಓಬಣ್ಣ ಇರಲಿ ಬಿಡಿ ಎಂದ. ಇರಲಿ ಬಿಡಿ ಎಂದವನು ಅವನು, ನಾನಲ್ಲ.

ಒಂಟಿಕಾಲಿನಲ್ಲಿ ಯಾರನ್ನು ಹುಡುಕಲು ಇಳಿದಾನು? ಕಲ್ಲುಮನೆ ಬೇರೆಯವರ ಕೈ ಸೇರಿತು. ನಾವು ಕೆಳಗಿನ ಊರಿಗೆ ಬಂದೆವು. ನನಗೂ ವಯಸ್ಸಾಗಿದೆ, ನುಸಿ ಹಿಡಿದಿದೆ. ದೇವೇಶ್ವರಿ ನನ್ನನ್ನು ಎರಡಾಗಿ ಕತ್ತರಿಸಿ, ಚೆನ್ನಾಗಿದ್ದ ಅರ್ಧವನ್ನು ಅವನ ಮೊಂಡುಗಾಲಿಗೆ ಸುತ್ತಿದ್ದಾಳೆ. ಚಳಿ ಹೆಚ್ಚಾದಾಗ ಬಲಪಾದ ಕೊರೆಯುತ್ತಿದೆ, ಇನ್ನಷ್ಟು ಬಿಗಿಯಾಗಿ ಹೊದಿಸು ಎನ್ನುತ್ತಾನೆ. ಅವಳು ಹೊದಿಸುತ್ತಾಳೆ. ಇಲ್ಲದ ಪಾದವನ್ನು ಯಾವ ಕಂಬಳಿ ಬೆಚ್ಚಗಿಟ್ಟೀತು?