ಇಂಗ್ರಿಡ್ ಅಜ್ಜಿಯ ಅಪ್ಪನ ಟೋಪಿ

ಇನಾಯತ್‌ಗೆ ಟೋಪಿಗಳ ಹುಚ್ಚು. ಅದೂ ಎಂಥ ಟೋಪಿ, ಜರ್ಮನ್ ನೌಕಾಪಡೆಯದು, ಅದರಲ್ಲೂ ಕೈಸರನ ಕಾಲದ್ದೇ ಆಗಬೇಕು. ದಾವಣಗೆರೆಯಲ್ಲಿ ಹುಟ್ಟಿ, ಕಾಲೇಜು ಟೂರಿನಲ್ಲಿ ಮೊದಲ ಸಲ ಸಮುದ್ರ ಕಂಡವನಿಗೆ ಈ ಹುಚ್ಚು ಎಲ್ಲಿಂದ ಹತ್ತಿತೋ ಆ ಅಲ್ಲಾನೇ ಬಲ್ಲ. ಈಗ ಸ್ವೀಡನ್ನಿನ ಮೋಲ್ನ್‌ಡಾಲ್‌ ಊರಿನ ಅವರ ಪುಟ್ಟ ಮನೆಯಲ್ಲಿ ಗಾಜಿನ ಕಪಾಟಿನ ತುಂಬ ಟೋಪಿಗಳು. ಹೆಂಡತಿ ನಾಹಿದ್ ಅವನ್ನು ಮುಟ್ಟಕೂಡದು. ಹುಳ ಹತ್ತೀತೆಂದು ಒಮ್ಮೆ ನುಸಿಗುಳಿಗೆ ಇಟ್ಟಿದ್ದಕ್ಕೇ ವಾರಗಟ್ಟಲೆ ಮುಖ ಊದಿಸಿಕೊಂಡು ತಿರುಗಿದ್ದ ಪುಣ್ಯಾತ್ಮ.

ಆದರೂ ಅವಳು ಮುಟ್ಟಿದ್ದಳು. ಮುಟ್ಟಿದ್ದಷ್ಟೇ ಅಲ್ಲ, ಒಗೆದಿದ್ದಳು.

ಕೆಳಮನೆಯ ಇಂಗ್ರಿಡ್ ಅಜ್ಜಿ ಮಾರಿದ ಟೋಪಿ ಅದು. ಅವಳ ಅಪ್ಪ ಜರ್ಮನ್ ನಾವಿಕ, ಮೊದಲ ಮಹಾಯುದ್ಧ ಮುಗಿದ ಮೇಲೆ ಸ್ವೀಡನ್ನಿಗೆ ಬಂದು ನೆಲೆಸಿದವನು. ಅಜ್ಜಿ ಇನ್ನೂ ಹುಡುಗಿಯಾಗಿದ್ದಾಗಲೇ ತೀರಿಕೊಂಡ. "ಅಪ್ಪ ಹೋದ ಮೇಲೆ ಇದಕ್ಕೆ ನೀರು ಸೋಕಿಲ್ಲ" ಎಂದು ಅಜ್ಜಿ ಕೊಡುವ ಮುಂಚೆ ಅದನ್ನೊಮ್ಮೆ ಮೂಗಿಗೆ ಹಿಡಿದಿದ್ದಳು. ಬೂಷ್ಟು ಬಂದಿದೆಯೇ ಎಂದು ನೋಡುತ್ತಿದ್ದಾಳೆ ಅಂದುಕೊಂಡಿದ್ದಳು ನಾಹಿದ್.

ಆ ಟೋಪಿ ಬಂದು ಕೂತದ್ದು ನಾಹಿದ್ ನಮಾಜಿಗೆ ಚಾಪೆ ಹಾಸುವ ಕೋಣೆಯಲ್ಲಿ. ಸತ್ತವನ ಬೆವರು ಮೆತ್ತಿದ ಬಟ್ಟೆ ಎದುರಿಗಿದ್ದರೆ ಮನಸ್ಸು ನಿಲ್ಲುವುದಾದರೂ ಹೇಗೆ? ಗಂಡ ಆಫೀಸಿಗೆ ಹೋದಾಗ ಟೋಪಿಯ ಬಿಳಿ ಹೊದಿಕೆ ಬಿಚ್ಚಿ, ಬಿಳಿ ಬಟ್ಟೆಗಳ ಜೊತೆ ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಟೋಪಿಯ ಒಳಪಟ್ಟಿಯನ್ನೂ ಸೋಪುನೀರಿನಲ್ಲಿ ಉಜ್ಜಿ, ಹೊದಿಕೆಗೆ ಇಸ್ತ್ರಿ ಮಾಡಿ ಮತ್ತೆ ಕೂರಿಸಿದಳು. ಹಳದಿ ಕಲೆ ಪೂರ್ತಿ ಹೋಗದ್ದರಿಂದ ಅವನಿಗೆ ಗೊತ್ತಾಗಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಅಂಚೆಯಲ್ಲಿ ನೇರಳೆ ಬೆಳಕಿನ ಟಾರ್ಚ್ ಬಂತು. ಮಧ್ಯಾಹ್ನದ ಚಹಾ ಹೊತ್ತಿಗೇ ಹೊರಗೆ ಕತ್ತಲು. ಸಂಜೆಯ ಮಗ್ರಿಬ್ ನಮಾಜು ಮುಗಿಸಿದವನೇ ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ಇನಾಯತ್ ದೀಪ ಆರಿಸಿದ.

"ನೋಡು ನಾಹಿದ್, ಹಳೇ ಬಟ್ಟೆ ಆದ್ರೆ ಮಂಕಾಗಿರುತ್ತೆ. ಈಗಿನ ಕಾಲದ್ದಾದ್ರೆ ನೀಲಿ ಹೊಳೆಯುತ್ತೆ. ಸಿಂಪಲ್ ಟೆಸ್ಟ್."

ಒಂದೊಂದೇ ಟೋಪಿ ಮಂಕಾಗಿ ಪಾಸಾಯಿತು. ಅಜ್ಜಿಯ ಟೋಪಿ ಮಾತ್ರ ಕತ್ತಲಲ್ಲಿ ನೀಲಿಯಾಗಿ ಉರಿಯಿತು.

"ಡೂಪ್ಲಿಕೇಟ್" ಎಂದ ಇನಾಯತ್. "ಅಜ್ಜಿ ನಂಗೇ ಟೋಪಿ ಹಾಕಿದ್ರು."

ನಾಹಿದ್ ಬೆಳಕಿಗೆ ಅಡ್ಡ ಬಂದಳು. "ಯಾರಾದ್ರೂ ಒಗ್ದಿರಬಹುದಲ್ರೀ."

"ನೀರೇ ಸೋಕಿಲ್ಲ ಅಂತ ಅವರೇ ಹೇಳಿದ್ರಲ್ಲ, ನಿನ್ನ ಎದುರಿಗೇ. ಅಪ್ಪನ ಹೆಸರಲ್ಲಿ ಸುಳ್ಳು ಹೇಳೋದಾ?" ಅಷ್ಟು ಹೊತ್ತಿಗೆ ಫೋನು ಅವನ ಕೈಯಲ್ಲಿತ್ತು. ಸ್ವಲ್ಪ ಮೇಲೆ ಬರುತ್ತೀರಾ ಎಂದು ಅಜ್ಜಿಯನ್ನು ಕರೆದೇಬಿಟ್ಟ.

ಲಿಫ್ಟ್ ಇಲ್ಲದ ಕಟ್ಟಡ, ಮಂಡಿನೋವಿನ ಅಜ್ಜಿ. ಕೆಳಗೆ ಬಾಗಿಲು ತೆರೆದ ಸದ್ದು, ಆಮೇಲೆ ಮೆಟ್ಟಿಲ ಮೇಲೆ ಕೋಲಿನ ಸದ್ದು. ನಾಹಿದ್ ಸ್ವೀಡಿಷ್ ಕ್ಲಾಸಿಗೆ ಹೋದ ದಿನ ಮಗಳು ಇಫ್ಫತ್‌ಳನ್ನು ದಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ಕರೆತರುವವಳು ಈ ಅಜ್ಜಿಯೇ. ಮಗು ಅವಳನ್ನು ಕರೆಯುವುದೇ ಮೊರ್ಮೊರ್, ಅಂದರೆ ಅಮ್ಮನ ಅಮ್ಮ ಎಂದು. ಈ ಊರಿನಲ್ಲಿ ನಾಹಿದಳಿಗೆ ತನ್ನವರು ಅಂತ ಇದ್ದದ್ದು ಅವಳೊಬ್ಬಳು. ಈಗ ಅವಳ ಮುಖಕ್ಕೆ ಹೊಡೆದಂತೆ ಮೋಸಗಾತಿ ಅನ್ನುತ್ತಾನೆ ಇವನು. ಬಾಯಿ ಬಿಟ್ಟರೆ ಗಂಡ, ಬಿಡದಿದ್ದರೆ ಅಜ್ಜಿ. ಕೋಲಿನ ಸದ್ದು ಹತ್ತಿರವಾಗುತ್ತಲೇ ಇತ್ತು.

ಅವಳು ಟಾರ್ಚ್ ಕಿತ್ತುಕೊಂಡಳು. ಎಂದೂ ಮಾಡದ ಕೆಲಸವೊಂದನ್ನು ಮಾಡಿದಳು: ಗಂಡನ ತಲೆಯ ಮೇಲಿನ ನಮಾಜಿನ ಟೋಪಿಯನ್ನು ತೆಗೆದು ಅಜ್ಜಿಯ ಟೋಪಿಯ ಪಕ್ಕ ಇಟ್ಟು ಬೆಳಕು ಬಿಟ್ಟಳು. ಎರಡೂ ಒಂದೇ ನೀಲಿಯಾಗಿ ಹೊಳೆದವು.

"ಇದು ಯಾರದ್ರೀ?"

"ಅಬ್ಬಾಂದು" ಎಂದ ಇನಾಯತ್. ಅವನ ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು.

"ಹಂಗಾದ್ರೆ ಇದೂ ಡೂಪ್ಲಿಕೇಟೇ. ಒಂದೇ ಬಕೆಟ್ಟು, ಒಂದೇ ಪೌಡರು. ಹೊಳೀತಿರೋದು ಆ ಪೌಡರು. ಒಗ್ದಿದ್ದು ನಾನು. ಬೈಯೋದಿದ್ರೆ ನನ್ನ ಬೈರಿ, ಅವರಿಗೇನೂ ಅನ್ಬೇಡಿ."

ಬೆಲ್ ಆಯಿತು. ದೀಪ ಹಾಕಿ ಬಾಗಿಲು ತೆರೆದವಳು ನಾಹಿದಳೇ. ಇನಾಯತ್ ಅಬ್ಬಾನ ಟೋಪಿಯನ್ನು ಎತ್ತಿಕೊಂಡ. ತನ್ನ ಹರಕುಮುರುಕು ಸ್ವೀಡಿಷ್‌ನಲ್ಲಿ, ನಾನು ನಿಮ್ಮ ಅಪ್ಪನ ಟೋಪಿ ಒಗೆದುಬಿಟ್ಟೆ ಎಂದಳು ನಾಹಿದ್. ತಪ್ಪು ಒಪ್ಪಿಕೊಂಡಾಯಿತು, ಇನ್ನು ಪಾರಾದೆ ಎಂದು ಆ ಗಳಿಗೆ ಅನಿಸಿತ್ತು ಅವಳಿಗೆ.

ಅಜ್ಜಿ ಕೋಲನ್ನು ಗೋಡೆಗೆ ಒರಗಿಸಿದಳು. ಟೋಪಿ ಎತ್ತಿಕೊಂಡು ಅಂದಿನಂತೆಯೇ ಮೂಗಿಗೆ ಹಿಡಿದಳು. ಒಳಗೆ, ಅಂಚಿಗೆ, ಮತ್ತೆ ಒಳಗೆ, ಹುಡುಕುತ್ತಲೇ ಇದ್ದಳು. ಆಗ ಅರ್ಥವಾಯಿತು ನಾಹಿದಳಿಗೆ, ಅಜ್ಜಿ ಅಂದು ಮೂಸಿದ್ದು ಬೂಷ್ಟಿಗಲ್ಲ, ಅಪ್ಪನ ವಾಸನೆಗೆ. ಗಂಡನ ಬೈಗುಳವೇ ಎಷ್ಟೋ ವಾಸಿಯಿತ್ತು.

"ಸೋಪು" ಎಂದಳು ಅಜ್ಜಿ ಮೆಲ್ಲಗೆ. ಟೋಪಿಯನ್ನು ಮೇಜಿನ ಮೇಲಿಟ್ಟು, ನಾಹಿದಳ ಕೆನ್ನೆಯನ್ನೊಮ್ಮೆ ತಟ್ಟಿ, ಕೋಲೂರಿಕೊಂಡು ಇಳಿದುಹೋದಳು.

ಇನಾಯತ್ ಬೈಯಲಿಲ್ಲ. ಮುಂದಿನ ಸಲ ಒಗೆಯಲು ಬಿಳಿ ಬಟ್ಟೆ ಕೇಳಿದಾಗ ಎಲ್ಲವನ್ನೂ ತಂದುಕೊಟ್ಟ, ಅಬ್ಬಾನ ಟೋಪಿಯೊಂದನ್ನು ಬಿಟ್ಟು. ಅದರಲ್ಲಿ ಅಬ್ಬಾನ ವಾಸನೆ ಎಂದೋ ಹೋಗಿತ್ತು. ಆದರೂ ಕೊಡಲಿಲ್ಲ.